ಆಪರೇಷನ್‌ಗೂ ಮೊದಲೇ ಕೀಮೋ ಅಂದ್ರೆ ‘ಲಾಸ್ಟ್ ಸ್ಟೇಜ್’ ಅಲ್ಲ. ಗಡ್ಡೆ ಕರಗಿದರೂ ಆಪರೇಷನ್ ಬಿಡಬೇಡಿ

ರಾಜಾಜಿನಗರ: ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಅಂತ ಗೊತ್ತಾದರೆ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: ‘ಮೊದಲು ಗಡ್ಡೆ ತೆಗೆಸಿಬಿಡಿ’. ಆದರೆ ಕೆಲವರಿಗೆ ಡಾಕ್ಟರು, ‘ಮೊದಲು ಕೀಮೋ, ಆಮೇಲೆ ಆಪರೇಷನ್’ ಅಂತಾರೆ. ಅಲ್ಲಿಂದ ಗಾಬರಿ ಶುರು. ಕಾಯಿಲೆ ಕೈ ಮೀರಿದೆಯಾ? ಆಪರೇಷನ್ ಮಾಡೋಕೇ ಆಗಲ್ವಾ?

ಹಾಗೇನಿಲ್ಲ. ಆಪರೇಷನ್ ಮಾಡಬಹುದಾದ ಗಡ್ಡೆಗೂ ಮೊದಲು ಕೀಮೋ ಕೊಡುವ ಪದ್ಧತಿ ಹಲವು ವರ್ಷಗಳಿಂದ ಇದೆ.

ಯಾಕೆ ಮೊದಲು ಕೀಮೋ?

ಒಂದು, ಗಡ್ಡೆ ಸಣ್ಣದಾಗುತ್ತೆ. ಇಡೀ ಸ್ತನ ತೆಗೆಯಬೇಕಿದ್ದ ಕಡೆ ಗಡ್ಡೆಯಷ್ಟೇ ತೆಗೆದು ಸ್ತನ ಉಳಿಸಲು ಕೆಲವರಿಗೆ ಸಾಧ್ಯವಾಗುತ್ತೆ. ಎರಡು, ಗಡ್ಡೆ ಮೈಯಲ್ಲೇ ಇರೋದರಿಂದ ಔಷಧಿ ಕೆಲಸ ಮಾಡ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಮಾಡದಿದ್ದರೆ ಔಷಧಿ ಬದಲಿಸಬಹುದು, ಇಲ್ಲವೇ ಆಪರೇಷನ್ ಬೇಗ ಮಾಡಬಹುದು. ಆಪರೇಷನ್ ಆದ ಮೇಲೆ ಇನ್ನೆಷ್ಟು ಕ್ಯಾನ್ಸರ್ ಉಳಿದಿತ್ತು ಅಂತ ನೋಡಿ ಮುಂದಿನ ಔಷಧಿ ತೀರ್ಮಾನ ಮಾಡ್ತಾರೆ.

ಎಲ್ಲರಿಗೂ ಇದು ಬೇಕಾಗಲ್ಲ. ಬಯಾಪ್ಸಿಯ ಇಆರ್, ಪಿಆರ್, ಹರ್-2 ರಿಪೋರ್ಟ್, ಗಡ್ಡೆಯ ಸೈಜು, ಕಂಕುಳಿಗೆ ಹರಡಿದೆಯಾ ಅನ್ನೋದನ್ನೆಲ್ಲ ನೋಡಿ ನಿರ್ಧಾರ ಆಗುತ್ತೆ. ಹರ್-2 ಪಾಸಿಟಿವ್ ಮತ್ತು ಮೂರೂ ನೆಗೆಟಿವ್ ಇರುವವರಲ್ಲಿ ಗಡ್ಡೆ ಚೆನ್ನಾಗಿ ಕರಗುವುದು ಹೆಚ್ಚು.

ತಡ ಆದರೆ ಜೀವಕ್ಕೆ ಅಪಾಯ ಅಲ್ವಾ?

ಇದನ್ನೇ ತಿಳಿಯಲು 1988ರಿಂದ 1993ರವರೆಗೆ ಅಮೆರಿಕ, ಕೆನಡಾದಲ್ಲಿ 1,523 ಮಹಿಳೆಯರನ್ನು ಸೇರಿಸಿಕೊಂಡು ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಕೀಮೋ ಮೊದಲು, ಉಳಿದವರಿಗೆ ಆಮೇಲೆ. ಬದುಕುಳಿದವರ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ತನ ಉಳಿಸಿದ ಆಪರೇಷನ್ ಮಾತ್ರ ಕೀಮೋ ಮೊದಲು ಪಡೆದವರಲ್ಲಿ ಶೇ 68, ಆಮೇಲೆ ಪಡೆದವರಲ್ಲಿ ಶೇ 60.

2018ರಲ್ಲಿ ಇಂಥ 10 ಪ್ರಯೋಗಗಳ 4,756 ಮಹಿಳೆಯರ ಲೆಕ್ಕ ಒಟ್ಟು ಮಾಡಿದಾಗಲೂ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ 15 ವರ್ಷದೊಳಗೆ ಅದೇ ಜಾಗದಲ್ಲಿ ಮತ್ತೆ ಗಡ್ಡೆ ಬಂದದ್ದು ಕೀಮೋ ಮೊದಲು ಪಡೆದವರಲ್ಲಿ ಶೇ 21.4, ಆಮೇಲೆ ಪಡೆದವರಲ್ಲಿ ಶೇ 15.9. ಆ ಹಳೇ ಪ್ರಯೋಗಗಳಲ್ಲಿ ಕೆಲವೆಡೆ, ಗಡ್ಡೆ ಕರಗಿದವರಿಗೆ ಆಪರೇಷನ್ ಮಾಡದೆ ಬರೀ ರೇಡಿಯೇಷನ್ ಕೊಟ್ಟದ್ದೂ ಇತ್ತು.

ಎಡವೋದು ಇಲ್ಲೇ

ಮೂರ್ನಾಲ್ಕು ಕೀಮೋ ಆದ ಮೇಲೆ ಕೈಗೆ ಗಡ್ಡೆ ಸಿಗದೇ ಇರಬಹುದು. ‘ವಾಸಿ ಆಯ್ತಲ್ಲ, ಇನ್ಯಾಕೆ ಕೊಯ್ಯಿಸಿಕೊಳ್ಳೋದು’ ಅನ್ನಿಸೋದು ಸಹಜ. ಆದರೆ ಕೈಗೂ ಸ್ಕ್ಯಾನ್‌ಗೂ ಸಿಗದ ಕ್ಯಾನ್ಸರ್ ಕಣ ಒಳಗೆ ಉಳಿದಿರಬಹುದು. ಪೂರ್ತಿ ಹೋಗಿದೆ ಅಂತ ಖಚಿತವಾಗೋದು ಆಪರೇಷನ್ ಮಾಡಿ ತೆಗೆದ ಭಾಗವನ್ನು ಲ್ಯಾಬ್‌ನಲ್ಲಿ ನೋಡಿದ ಮೇಲೆಯೇ. ಅದಕ್ಕೇ ಕೀಮೋಗೆ ಮುಂಚೆ ಗಡ್ಡೆಯ ಜಾಗದಲ್ಲಿ ಸಣ್ಣ ಲೋಹದ ಕ್ಲಿಪ್ ಇಡ್ತಾರೆ. ಗಡ್ಡೆ ಮಾಯವಾದರೂ ಜಾಗ ತಪ್ಪಲ್ಲ. ‘ಕ್ಲಿಪ್ ಹಾಕ್ತೀರಾ ಸರ್’ ಅಂತ ಮೊದಲೇ ಕೇಳಿ.

ಡ್ರಿಪ್ ಸಾಮಾನ್ಯವಾಗಿ 2 ಅಥವಾ 3 ವಾರಕ್ಕೊಮ್ಮೆ, ಒಟ್ಟು 3ರಿಂದ 6 ತಿಂಗಳು. ನಡುವೆ ಜ್ವರ 100.4 ಡಿಗ್ರಿ ದಾಟಿದರೆ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮುಂದೆ ಮಕ್ಕಳು ಬೇಕು ಅನ್ನುವವರು ಮೊದಲ ಡ್ರಿಪ್‌ಗೂ ಮುಂಚೆ ಡಾಕ್ಟರಿಗೆ ಹೇಳಿ.

ದುಡ್ಡಿಗೆ ಏನು ದಾರಿ?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ಅಂಗಡಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಇಎಸ್‌ಐ ಕಾರ್ಡುದಾರರು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಇರೋದು ನಿಮ್ಹಾನ್ಸ್ ಹತ್ತಿರ. ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ರಿಪೋರ್ಟ್ ಒಂದೇ ಫೈಲ್‌ನಲ್ಲಿ ಇಟ್ಟುಕೊಂಡು ಹೋಗಿ.

ಮೊದಲ ಕೀಮೋ ದಿನವೇ ಫೈಲ್ ಮೇಲೆ ದೊಡ್ಡದಾಗಿ ಬರೆದಿಡಿ: ಕೊನೇ ಡ್ರಿಪ್ ಯಾವಾಗ, ಆಪರೇಷನ್ ಯಾವಾಗ. ಗಡ್ಡೆ ಕರಗಿದರೂ ಆ ತಾರೀಕು ತಪ್ಪಿಸಬೇಡಿ.