ಕೋಟೆ ಬಿದ್ದರೂ ಉಳಿಯುವ ಕಣಜ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಅಂದು ಸೂರೆಯಾದ ಚಿನ್ನ, ಆಯುಧಗಳ ಕಥೆಯನ್ನು ಎಲ್ಲರೂ ಬಲ್ಲರು. ಟಿಪ್ಪುವಿನ ಪುಸ್ತಕಭಂಡಾರದ ಕಥೆಯನ್ನು ಬಲ್ಲವರು ಕಡಮೆ. ಸುಮಾರು 2,000 ಸಂಪುಟಗಳಿದ್ದ ಆ ಭಂಡಾರದಲ್ಲಿ ಕೆಲವು ಕಲ್ಕತ್ತೆಗೆ ಹೋದುವು, ಕೆಲವು ಕಡಲು ದಾಟಿ ಲಂಡನ್ ಸೇರಿದುವು. ಚಾರ್ಲ್ಸ್ ಸ್ಟೂಅರ್ಟ್ ಎಂಬ ವಿದ್ವಾಂಸನು 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದನು. ಎಲ್ಲವೂ ಒಂದೇ ಕಡೆ ಇದ್ದುದರಿಂದ ಒಂದೇ ಸೋಲಿಗೆ ಊರು ಎಲ್ಲವನ್ನೂ ಕಳೆದುಕೊಂಡಿತು.

ತಾಳೆಗರಿಯ ಕಾವ್ಯಗಳ ಗತಿ ಹಾಗಾಗಲಿಲ್ಲ. ಒಂದು ಮನೆಯ ಓಲೆಗಳನ್ನು ಗೆದ್ದಲು ತಿಂದರೆ ಇನ್ನೊಂದು ಮಠದಲ್ಲಿ ಪ್ರತಿಯಿರುತ್ತಿತ್ತು.

ನಾಗಮಂಗಲ, ಕೃಷ್ಣರಾಜಪೇಟೆಗಳ ಸೀಮೆಯಲ್ಲಿ ಇಂದು ಮೂಡಲಪಾಯದ ಆಟವೋ ಪೂಜಾ ಕುಣಿತವೋ ನಡೆದರೆ ಹತ್ತಾರು ಮೊಬೈಲುಗಳು ಮೇಲೇಳುತ್ತವೆ. ಮುಖವೀಣೆಯ ದನಿ, ಭಾಗವತರ ಪದ, ಭುಜಕೀರ್ತಿಯ ಭಾರಕ್ಕೆ ಬಾಗದ ಹೆಜ್ಜೆ, ಎಲ್ಲವೂ ವಿಡಿಯೋ ಆಗುತ್ತವೆ. ಆ ಬಳಿಕ? ಮೊಬೈಲು ಕೆಡುತ್ತದೆ, ಇಲ್ಲವೆ ಚಿತ್ರವು ಯಾವುದೋ ಒಂದು ಕಂಪೆನಿಯ ಕಂಪ್ಯೂಟರಿನಲ್ಲಿ ಕುಳಿತುಕೊಳ್ಳುತ್ತದೆ. ಅದೂ ಒಂದು ಕೋಟೆಯೇ. ಮೈಸ್ಪೇಸ್ ಎಂಬ ಅಮೆರಿಕದ ತಾಣವು ಯಂತ್ರಗಳನ್ನು ಬದಲಾಯಿಸುವಾಗ ತನ್ನಲ್ಲಿದ್ದ ಹಳೆಯ ಹಾಡು, ವಿಡಿಯೋಗಳನ್ನು ಕಳೆದುಕೊಂಡ ಸಂಗತಿ 2019ರಲ್ಲಿ ಬಯಲಾಯಿತು. ಹಾಡುಗಳೇ 5 ಕೋಟಿಗೂ ಮಿಕ್ಕಿದ್ದುವೆಂದು ಅಂದಾಜು.

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದೇ ವಿಕೇಂದ್ರೀಕೃತ ಸಂಗ್ರಹ. ಹುವಾನ್ ಬೆನೆಟ್ ಎಂಬ ಯುವಕನು 2014ರಲ್ಲಿ ಐಪಿಎಫ್ಎಸ್ ಎಂಬ ವ್ಯವಸ್ಥೆಯ ರೂಪುರೇಖೆಯನ್ನು ಪ್ರಕಟಿಸಿದನು. ಇದರ ಸೋಜಿಗವಿರುವುದು ವಿಳಾಸದಲ್ಲಿ. ಸಾಮಾನ್ಯ ವಿಳಾಸವು ವಸ್ತು ಎಲ್ಲಿದೆಯೆಂದು ಹೇಳುತ್ತದೆ. ಇಲ್ಲಿನ ವಿಳಾಸ ವಸ್ತು ಏನೆಂಬುದನ್ನೇ ಹೇಳುತ್ತದೆ. ವಿಡಿಯೋವನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಗಣಿತದಿಂದ ಒಂದು ಬೆರಳಚ್ಚನ್ನು ತೆಗೆದು, ಆ ಬೆರಳಚ್ಚುಗಳಿಗೆಲ್ಲ ಸೇರಿ ಮತ್ತೊಂದನ್ನು ತೆಗೆಯುತ್ತಾರೆ. ಆ ಕೊನೆಯ ಬೆರಳಚ್ಚೇ ವಿಳಾಸ. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ವಿಳಾಸವೇ ಬೇರೆ! ಆದ್ದರಿಂದ ಪ್ರತಿ ಪಾಂಡವಪುರದಿಂದ ಬಂದರೇನು, ಪ್ಯಾರಿಸಿನಿಂದ ಬಂದರೇನು, ಸಾಚಾತನವನ್ನು ಯಾರೂ ಒರೆಗೆ ಹಚ್ಚಿ ನೋಡಬಹುದು.

ಹೀಗೆ ವಿಡಿಯೋ ಸೇರಿಸುವ ವೆಬ್ ಆ್ಯಪ್ ಒಂದನ್ನು ಕಟ್ಟುವುದು ಇಂದು ಮಹಾವಿದ್ಯೆಯೇನಲ್ಲ. ಕಡತವನ್ನು ಆರಿಸಲು ಒಂದು ಪುಟ, ಕಳುಹಿಸಲು ಒಂದು ಗುಂಡಿ, ಬಂದ ವಿಳಾಸವನ್ನು ಬರೆದಿಡಲು ಒಂದು ಖಾತೆ. ಕಷ್ಟಗಳಿರುವುದು ಸಂದುಗೊಂದುಗಳಲ್ಲಿ. ಹಳ್ಳಿಯ ಸಂಪರ್ಕ ನಡುವೆ ಕಡಿದರೆ ಮೊದಲಿನಿಂದ ಕಳುಹಿಸಬೇಕಾಗಬಾರದು, ನಿಂತಲ್ಲಿಂದಲೇ ಮುಂದುವರಿಯಬೇಕು. ಸಂಗ್ರಹ ಸೇವೆಯ ರಹಸ್ಯ ಕೀಲಿಯನ್ನು ಪುಟದಲ್ಲೇ ಇಟ್ಟರೆ ದಾರಿಹೋಕನೂ ಅದನ್ನು ಕದ್ದಾನು; ಅದು ಸರ್ವರಿನ ಒಳಗಡೆ ಇರತಕ್ಕದ್ದು. ಬೆರಳಚ್ಚಿನಲ್ಲಿ ಪ್ರಸಂಗದ ಹೆಸರಾಗಲಿ, ಊರಾಗಲಿ, ಭಾಗವತರ ಹೆಸರಾಗಲಿ ಇರುವುದಿಲ್ಲ. ಅವುಗಳ ಪಟ್ಟಿಯನ್ನು ಬೇರೆ ಬರೆಯದಿದ್ದರೆ ಚಿತ್ರವಿದ್ದೂ ಇಲ್ಲದಂತೆ. ಸ್ಟೂಅರ್ಟನ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ.

ಅನೇಕರು ಮೋಸಹೋಗುವುದು ಇನ್ನೊಂದು ಕಡೆ. ಐಪಿಎಫ್ಎಸ್‌ಗೆ ಹಾಕಿದ ಮಾತ್ರಕ್ಕೆ ಚಿತ್ರವು ಶಾಶ್ವತವಾಗುವುದಿಲ್ಲ. 'ಇದನ್ನು ಅಳಿಸಬೇಡ' ಎಂದು ಯಾರಾದರೂ ತಮ್ಮ ಯಂತ್ರದಲ್ಲಿ ಗುರುತು ಹಾಕಿ ಇಟ್ಟುಕೊಂಡಿರಬೇಕು. ಇದನ್ನೇ ಪಿನ್ ಮಾಡುವುದೆನ್ನುತ್ತಾರೆ. ಹಾಗೆ ಇಟ್ಟುಕೊಂಡವರು ಒಬ್ಬರೂ ಇಲ್ಲವಾದರೆ ವಿಳಾಸ ಉಳಿದೀತು, ವಸ್ತು ಮಾಯ. 2020ರಲ್ಲಿ ಆರಂಭವಾದ ಫೈಲ್‌ಕಾಯಿನ್ ಎಂಬ ಜಾಲದಲ್ಲಿ ಹಣ ಪಡೆದು ಕಾಯುವವರಿದ್ದಾರೆ. ಸರಕು ತಮ್ಮಲ್ಲೇ ಇದೆಯೆಂದು ಅವರು ದಿನದಿನವೂ ಗಣಿತದ ರುಜುವಾತು ಕೊಡಬೇಕು. ಆದರೆ ಒಪ್ಪಂದದ ಅವಧಿ ಮುಗಿದೊಡನೆ ಅವರ ಹೊಣೆಯೂ ಮುಗಿಯಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಇಂದಿಗೂ ಓಲೆಗಳನ್ನು ಕಾಪಾಡುತ್ತಿರುವ ಸಂಸ್ಕೃತ ಸಂಶೋಧನಾ ಸಂಸತ್ತಿನಂಥ ಸಂಸ್ಥೆಗಳು, ಶಾಲೆಗಳು, ಊರಿನ ಗ್ರಂಥಾಲಯಗಳು ತಲಾ ಒಂದು ಪ್ರತಿಯನ್ನು ಪಿನ್ ಮಾಡಿಕೊಂಡರೆ ಬಾಡಿಗೆಯ ಕಾವಲುಗಾರನಿಗಿಂತ ಅದು ಗಟ್ಟಿ.

ಇನ್ನು ಹಾಕಿದ್ದನ್ನು ಹಿಂದಕ್ಕೆ ಪಡೆಯುವ ಮಾತು. ವಿಳಾಸ ತಿಳಿದವರಾರಾದರೂ ಪ್ರತಿ ಮಾಡಿಕೊಂಡಿದ್ದರೆ ಅದನ್ನು ಅಳಿಸುವ ಅಧಿಕಾರ ಹಾಕಿದವನಿಗೂ ಇಲ್ಲ. ವೇಷ ಕಟ್ಟಿದ ರೈತನಿಗೆ ನಾಳೆ ಆ ಚಿತ್ರ ಬೇಡವೆನಿಸಿದರೆ ಯಾರ ಬಳಿ ಹೋಗಿ ಕೇಳಬೇಕು? ಆದುದರಿಂದ ಅಪ್‌ಲೋಡ್ ಗುಂಡಿಗೆ ಮೊದಲು ಇನ್ನೊಂದು ಪುಟವಿರಬೇಕು. ಆಡಿದವರಿಗೆ ಅವರ ಮಾತಿನಲ್ಲೇ ವಿಷಯವನ್ನು ತಿಳಿಸಿ, ಹೂಂ ಅನ್ನಿಸಿಕೊಂಡು, ಅದನ್ನೂ ಖಾತೆಯಲ್ಲಿ ಬರೆದ ಮೇಲೆಯೇ ಗುಂಡಿ ಬೆಳಗುವಂತೆ ಮಾಡಲು ಬೇಕಾದದ್ದು ನಾಲ್ಕೈದು ಸಾಲುಗಳ ಬರವಣಿಗೆ ಮಾತ್ರ.