ಬಿಸಿಲ ಬೆನ್ನಿಗೇ ಬಿರುಗಾಳಿ: ಹಿನ್ನೀರಿನ ದೋಣಿಗೆ ಉಳಿಯುವುದು ಕೆಲವೇ ನಿಮಿಷ

ಕೆಸರೆ (ಮೈಸೂರು): ನಗರದ ಈಶಾನ್ಯ ಅಂಚಿನ ಕೆಸರೆಯ ನಿವಾಸಿಗಳಿಗೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಈ ದೃಶ್ಯ ಚಿರಪರಿಚಿತ. ಸುಡುಬಿಸಿಲು ಒಮ್ಮೆಲೇ ಮಂಕಾಗುತ್ತದೆ. ಎಲೆಯೂ ಅಲುಗದಂತೆ ಗಾಳಿ ಸ್ತಬ್ಧವಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಧೂಳೆಬ್ಬಿಸುತ್ತ ತಣ್ಣನೆಯ ಬಿರುಗಾಳಿ ನುಗ್ಗುತ್ತದೆ. ಒಣಹಾಕಿದ ಬಟ್ಟೆಯನ್ನು ಒಳಗೆ ತರುವಷ್ಟರಲ್ಲಿ ದಪ್ಪ ಹನಿಗಳು ಬೀಳತೊಡಗಿರುತ್ತವೆ. ಮನೆಯಲ್ಲಿರುವವರಿಗೆ ಇದು ಕಿಟಕಿ ಮುಚ್ಚುವ ಗಡಿಬಿಡಿ ಮಾತ್ರ. ಅದೇ ಗಳಿಗೆಯಲ್ಲಿ ಕನ್ನಂಬಾಡಿ ಹಿನ್ನೀರಿನ ನಡುವೆ ದೋಣಿಯಲ್ಲಿ ಕುಳಿತವರಿಗೆ ಇದು ಪ್ರಾಣದ ಪ್ರಶ್ನೆ.

ಶಾಲೆಗಳಿಗೆ ಬೇಸಿಗೆ ರಜೆ ದೊರೆಯುವ ಕಾಲ, ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲ, ಇವೆರಡೂ ಒಂದೇ. ಕುಟುಂಬ ಸಮೇತ ಜನರು ನೀರಿನತ್ತ ಹೊರಡುವುದೂ, ಗುಡುಗು ಮೋಡಗಳು ಏಳುವುದೂ ಬಹುಪಾಲು ಮಧ್ಯಾಹ್ನದ ನಂತರವೇ. ಹೀಗಾಗಿ ಈ ಗಾಳಿ ಹುಟ್ಟುವ ಬಗೆ ಹಾಗೂ ಅದರಿಂದ ಪಾರಾಗುವ ಬಗೆಯನ್ನು ದೋಣಿ ಏರುವ ಮುನ್ನವೇ ಅರಿತಿರುವುದು ಒಳಿತು.

ಮಳೆಗೆ ಮುನ್ನ ಗಾಳಿ ಏಕೆ?

ಬೇಸಿಗೆಯಲ್ಲಿ ನೆಲ ಕಾದಾಗ ಅದಕ್ಕೆ ತಾಗಿದ ತೇವಭರಿತ ಗಾಳಿ ಹಗುರವಾಗಿ ಮೇಲೇರುತ್ತದೆ. ಎತ್ತರದಲ್ಲಿ ತಂಪಾಗಿ ಮೋಡವಾಗುತ್ತದೆ. ಏರುಗಾಳಿ ಬಲವಾಗಿದ್ದರೆ ಆ ಮೋಡ 12ರಿಂದ 15 ಕಿಲೋಮೀಟರ್ ಎತ್ತರದವರೆಗೂ ಗೋಪುರದಂತೆ ಬೆಳೆಯಬಲ್ಲದು. ಇದೇ ಗುಡುಗು ಮೋಡ.

ಮೋಡದೊಳಗೆ ಹನಿ ಹಾಗೂ ಆಲಿಕಲ್ಲುಗಳ ಭಾರ ಹೆಚ್ಚಿದಾಗ ಅವು ಗಾಳಿಯನ್ನೂ ಎಳೆದುಕೊಂಡು ಕೆಳಗಿಳಿಯುತ್ತವೆ. ಬೀಳುವ ಹನಿಗಳಲ್ಲಿ ಒಂದು ಭಾಗ ದಾರಿಯಲ್ಲೇ ಆವಿಯಾಗುವುದರಿಂದ ಸುತ್ತಲಿನ ಗಾಳಿ ಮತ್ತಷ್ಟು ತಂಪಾಗಿ, ಭಾರವಾಗಿ, ಇನ್ನೂ ವೇಗದಿಂದ ಕೆಳಗೆ ಧುಮುಕುತ್ತದೆ. ನೆಲಕ್ಕೋ ನೀರಿಗೋ ಬಡಿದ ಈ ಗಾಳಿಗೆ ಕೆಳಗೆ ಹೋಗಲು ದಾರಿಯಿಲ್ಲ. ಅದು ಎಲ್ಲ ದಿಕ್ಕಿಗೂ ಹರಡುತ್ತದೆ. ಮಳೆಗಿಂತ ಮೊದಲೇ, ಹಲವು ಕಿಲೋಮೀಟರ್ ಮುಂದಕ್ಕೆ ಬಂದು ತಲುಪುವುದು ಈ ಗಾಳಿಯ ಅಂಚು. ತಲೆಯ ಮೇಲೆ ಇನ್ನೂ ಬಿಸಿಲಿರುವಾಗಲೇ ದೋಣಿ ಮಗುಚುವ ಸಂಭವ ಇರುವುದು ಈ ಕಾರಣದಿಂದಲೇ.

ಗಾಳಿಯ ವೇಗ ಒಮ್ಮೆಲೇ ಗಂಟೆಗೆ ಸುಮಾರು 30 ಕಿಲೋಮೀಟರ್‌ನಷ್ಟು ಏರಿ, 40 ಕಿಲೋಮೀಟರ್ ದಾಟಿ, ಕನಿಷ್ಠ ಒಂದು ನಿಮಿಷವಾದರೂ ಹಾಗೆಯೇ ಬೀಸಿದರೆ ಹವಾಮಾನ ತಜ್ಞರು ಅದನ್ನು ಬಿರುಗಾಳಿ ಎಂದು ಗುರುತಿಸುತ್ತಾರೆ. ವೇಗ ಎರಡು ಪಟ್ಟಾದರೆ ಹಾಯಿಯ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದು ಗಮನಾರ್ಹ. ಸಾಧಾರಣ ಗಾಳಿಯಲ್ಲಿ ದೋಣಿಯನ್ನು ಮುನ್ನಡೆಸುವ ಹಾಯಿಯೇ ಬಿರುಗಾಳಿಯಲ್ಲಿ ಅದನ್ನು ಮಗುಚಿಹಾಕುತ್ತದೆ.

ನಿಂತ ನೀರೆಂಬ ಭ್ರಮೆ

ಸಮುದ್ರಕ್ಕೆ ಅಂಜುವವರೂ ಕೆರೆ, ಜಲಾಶಯಗಳನ್ನು ನಿರಪಾಯಕಾರಿ ಎಂದು ಭಾವಿಸುವುದುಂಟು. ಕೃಷ್ಣರಾಜಸಾಗರ ತುಂಬಿದಾಗ, ಅಂದರೆ ನೀರಿನ ಮಟ್ಟ 124.80 ಅಡಿ ತಲುಪಿದಾಗ, ಸುಮಾರು 130 ಚದರ ಕಿಲೋಮೀಟರ್ ವಿಸ್ತಾರಕ್ಕೆ ಹರಡಿಕೊಳ್ಳುತ್ತದೆ. ಇಂತಹ ಬಯಲು ನೀರಿನಲ್ಲಿ ಗಾಳಿಯನ್ನು ತಡೆಯಲು ಮರವಾಗಲಿ, ಗುಡ್ಡವಾಗಲಿ ಇಲ್ಲ. ಗಾಳಿ ನೀರಿನ ಮೇಲೆ ಎಷ್ಟು ದೂರ ಬೀಸುವುದೋ ಅಲೆಯೂ ಅಷ್ಟು ಬೆಳೆಯುತ್ತದೆ. ಜಲಾಶಯದ ಅಲೆಗಳು ಕಡಲಿನ ಅಲೆಗಳಷ್ಟು ಎತ್ತರವಿರುವುದಿಲ್ಲ, ನಿಜ. ಆದರೆ ಅವು ಕಡಿದಾಗಿದ್ದು, ಒಂದರ ಬೆನ್ನಿಗೆ ಒಂದರಂತೆ ಬಡಿಯುತ್ತವೆ. ಸಣ್ಣ ದೋಣಿಗೆ ಒಂದು ಅಲೆಯಿಂದ ಚೇತರಿಸಿಕೊಳ್ಳಲೂ ಸಮಯ ದೊರೆಯದು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಮೇಲೇಳುವ ಬಂಡೆಗಳೂ, ದಡದ ಕೆಸರೂ ಅಪಾಯವನ್ನು ಹೆಚ್ಚಿಸುತ್ತವೆ.

ಇದಕ್ಕೆ ಕಹಿ ನಿದರ್ಶನ ಅಮೆರಿಕದ ಮಿಸ್ಸೌರಿ ರಾಜ್ಯದ ಟೇಬಲ್ ರಾಕ್ ಸರೋವರ. ಅದೂ ಅಣೆಕಟ್ಟಿನಿಂದ ಉಂಟಾದ ಜಲಾಶಯವೇ. 2018ರ ಜುಲೈ 19ರ ಸಂಜೆ 31 ಜನರಿದ್ದ ಪ್ರವಾಸಿ ದೋಣಿಯೊಂದು ಗುಡುಗು ಬಿರುಗಾಳಿಗೆ ಸಿಲುಕಿ ಮುಳುಗಿತು. ಮಕ್ಕಳೂ ಸೇರಿದಂತೆ 17 ಮಂದಿ ಅಸುನೀಗಿದರು. ಅವರಲ್ಲಿ ಒಂಬತ್ತು ಮಂದಿ ಒಂದೇ ಕುಟುಂಬಕ್ಕೆ ಸೇರಿದವರು. ದೋಣಿ ನೀರಿಗಿಳಿಯುವ ಮೊದಲೇ ಹವಾಮಾನ ಇಲಾಖೆಯ ಎಚ್ಚರಿಕೆ ಹೊರಬಿದ್ದಿತ್ತು. ಜೀವರಕ್ಷಕ ಜಾಕೆಟ್‌ಗಳು ದೋಣಿಯಲ್ಲೇ ಇದ್ದವು. ಆದರೆ ಅವನ್ನು ಯಾರೂ ಸಕಾಲದಲ್ಲಿ ತೊಟ್ಟಿರಲಿಲ್ಲ.

ಚೀನಾದ ಯಾಂಗ್ಟ್ಸಿ ನದಿಯಲ್ಲಿ 2015ರ ಜೂನ್ 1ರ ರಾತ್ರಿ ಇಂತಹದೇ ಇಳಿಗಾಳಿಗೆ ಸಿಲುಕಿದ ‘ಈಸ್ಟರ್ನ್ ಸ್ಟಾರ್’ ಎಂಬ ಪ್ರವಾಸಿ ಹಡಗು ಮಗುಚಿ, ಅದರಲ್ಲಿದ್ದ 454 ಜನರಲ್ಲಿ 12 ಮಂದಿ ಮಾತ್ರ ಬದುಕುಳಿದರು. ನದಿಯೂ ಸುರಕ್ಷಿತವಲ್ಲ, ದೊಡ್ಡ ಹಡಗೂ ಸುರಕ್ಷಿತವಲ್ಲ.

ಪಡುಗಡಲಿನ ಪಾಠ

ನಮ್ಮ ಕರಾವಳಿಯ ಜನತೆ ‘ತೌಕ್ತೆ’ ಚಂಡಮಾರುತವನ್ನು ಮರೆತಿಲ್ಲ. 2021ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಬಳಿ ರೂಪುಗೊಂಡು ಗುಜರಾತಿನತ್ತ ಸಾಗಿದ ಈ ಚಂಡಮಾರುತದ ಹೊಡೆತಕ್ಕೆ ‘ಕೋರಮಂಡಲ್ ಸಪೋರ್ಟರ್-9’ ಎಂಬ ಟಗ್ ದೋಣಿ ಮೂಲ್ಕಿ ಸಮೀಪದ ಕಡಲಿನ ಬಂಡೆಗಳಿಗೆ ಸಿಲುಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಮೇ 17ರಂದು ಕರಾವಳಿ ರಕ್ಷಣಾ ಪಡೆಯ ಹಡಗು ಹಾಗೂ ನೌಕಾಪಡೆಯ ಹೆಲಿಕಾಪ್ಟರ್ ನೆರವಿನಿಂದ ಪಾರುಮಾಡಲಾಯಿತು. ಅದೇ ದಿನಗಳಲ್ಲಿ ಮಗುಚಿದ ‘ಅಲಯನ್ಸ್’ ಎಂಬ ಇನ್ನೊಂದು ಟಗ್‌ನ ಸಿಬ್ಬಂದಿಗೆ ಆ ಅದೃಷ್ಟವಿರಲಿಲ್ಲ. ಕೆಲವರು ದಡ ಸೇರಿದರೆ, ಉಳಿದವರು ಕಡಲಿನ ಪಾಲಾದರು.

ಚಂಡಮಾರುತದ ಸುಳಿವು ದಿನಗಳ ಮೊದಲೇ ದೊರೆಯುತ್ತದೆ. ಗುಡುಗು ಮೋಡದ ಬಿರುಗಾಳಿಗೆ ಅಂತಹ ಔದಾರ್ಯವಿಲ್ಲ. ಅದು ನೀಡುವುದು ನಿಮಿಷಗಳನ್ನು ಮಾತ್ರ.

ನುರಿತ ನಾವಿಕರೂ ಇದಕ್ಕೆ ಹೊರತಲ್ಲ. ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಏಕಾಂಗಿಯಾಗಿ ವಿಶ್ವ ಪರ್ಯಟನೆ ನಡೆಸುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದಾಗ, 2018ರ ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ಸಿಲುಕಿದರು. ಹಾಯಿಕಂಬ ಮುರಿಯಿತು, ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಆದರೂ ಅವರು ದೋಣಿಯನ್ನು ಬಿಟ್ಟು ನೀರಿಗಿಳಿಯಲಿಲ್ಲ. ಮೂರು ದಿನಗಳ ಬಳಿಕ ಫ್ರಾನ್ಸಿನ ಹಡಗೊಂದು ಅವರನ್ನು ರಕ್ಷಿಸಿತು. ಮುಂದಿನ ಸ್ಪರ್ಧೆಯಲ್ಲಿ, 2023ರಲ್ಲಿ, ಅವರೇ ಎರಡನೆಯ ಸ್ಥಾನ ಗಳಿಸಿದರು.

ದೋಣಿಯಲ್ಲಿರುವಾಗ ಮಾಡಬೇಕಾದುದೇನು?

* ಜೀವರಕ್ಷಕ ಜಾಕೆಟ್ಟನ್ನು ದಡದಲ್ಲೇ ತೊಟ್ಟು ಬಿಗಿದುಕೊಳ್ಳಬೇಕು. ಗಾಳಿ ಬಂದ ಮೇಲೆ ತೊಡಲು ಸಾಧ್ಯವಾಗದು. ಮಕ್ಕಳಿಗೆ ಅವರ ಅಳತೆಯದೇ ಬೇಕು.

* ದೂರದಲ್ಲಿ ಕಪ್ಪು ಮೋಡ, ನೀರಿನ ಮೇಲೆ ಹತ್ತಿರವಾಗುತ್ತಿರುವ ಕಪ್ಪು ಪಟ್ಟೆ, ಗಾಳಿ ಏಕಾಏಕಿ ನಿಲ್ಲುವುದು ಅಥವಾ ತಣ್ಣಗಾಗುವುದು, ಇವುಗಳಲ್ಲಿ ಯಾವುದು ಕಂಡರೂ ಹತ್ತಿರದ ದಡಕ್ಕೆ ತಿರುಗಬೇಕು. ಹೊರಟ ದಡವೇ ಆಗಬೇಕೆಂದಿಲ್ಲ.

* ಹಾಯಿದೋಣಿಯಲ್ಲಿದ್ದರೆ ಗಾಳಿ ತಲುಪುವ ಮೊದಲೇ ಹಾಯಿ ಇಳಿಸಬೇಕು. ಯಂತ್ರದ ದೋಣಿಯಲ್ಲಿ ವೇಗ ತಗ್ಗಿಸಿ, ಮೂತಿಯನ್ನು ಅಲೆಗಳಿಗೆ ತುಸು ಓರೆಯಾಗಿ ಹಿಡಿಯಬೇಕು. ಅಲೆಗೆ ಪಕ್ಕ ಕೊಡುವುದು ಅತ್ಯಂತ ಅಪಾಯಕಾರಿ.

* ಎಲ್ಲರೂ ದೋಣಿಯ ತಳದಲ್ಲಿ, ನಡುಭಾಗದಲ್ಲಿ ಕುಳಿತುಕೊಳ್ಳಬೇಕು. ದುಂಡಗಿನ ತೆಪ್ಪಗಳಲ್ಲಂತೂ ಒಬ್ಬರು ಎದ್ದು ನಿಂತರೂ, ಎಲ್ಲರೂ ಒಂದೇ ಬದಿಗೆ ಸರಿದರೂ ಸಮತೋಲ ತಪ್ಪುತ್ತದೆ.

* ದೋಣಿ ಮಗುಚಿದರೆ ಅದನ್ನೇ ಹಿಡಿದುಕೊಂಡಿರಬೇಕು. ದಡ ಕಾಣುವುದಕ್ಕಿಂತ ದೂರವಿರುತ್ತದೆ. ತೇಲುವ ದೋಣಿ ಒಬ್ಬಂಟಿ ತಲೆಗಿಂತ ಸುಲಭವಾಗಿ ರಕ್ಷಕರ ಕಣ್ಣಿಗೆ ಬೀಳುತ್ತದೆ.

* ಮಿಂಚು ಕಂಡು ಗುಡುಗು ಕೇಳಲು 30 ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಬಯಲು ನೀರಿನಲ್ಲಿ ದೋಣಿಯೇ ಎತ್ತರದ ವಸ್ತು. ದಡ ಸೇರಿದ ಮೇಲೆ ಒಂಟಿ ಮರದಡಿ ನಿಲ್ಲದೆ ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷವಾದರೂ ಮತ್ತೆ ನೀರಿಗಿಳಿಯಬಾರದು.

ಹೊರಡುವ ಮುನ್ನ

ಭಾರತೀಯ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗೆ ಜಿಲ್ಲಾವಾರು ತಕ್ಷಣದ ಮುನ್ಸೂಚನೆ ನೀಡುತ್ತದೆ. ಸಿಡಿಲಿನ ಬಗ್ಗೆ ಎಚ್ಚರಿಸುವ ‘ದಾಮಿನಿ’ ಎಂಬ ಮೊಬೈಲ್ ತಂತ್ರಾಂಶವನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಹವಾಮಾನ ಮಾಹಿತಿ ಒದಗಿಸುತ್ತದೆ. ಎರಡು ನಿಮಿಷ ವ್ಯಯಿಸಿದರೆ ಈ ಮಾಹಿತಿ ಕೈಸೇರುತ್ತದೆ.

1917ರ ಹಳೆಯ ಕಾಯ್ದೆಯ ಸ್ಥಾನದಲ್ಲಿ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆ, ಯಂತ್ರಚಾಲಿತ ದೋಣಿಗಳ ತಪಾಸಣೆ ಹಾಗೂ ನೋಂದಣಿಗೆ ನಿಯಮ ವಿಧಿಸಿದೆ. ಆದರೆ ಮೋಡ ಕವಿದ ಸಂಜೆ, ‘ಇನ್ನೊಂದೇ ಸುತ್ತು’ ಎಂದು ಒತ್ತಾಯಿಸುವ ಪ್ರವಾಸಿಗನನ್ನು ತಡೆಯಲು ಯಾವ ಕಾಯ್ದೆಯೂ ದಡದಲ್ಲಿ ನಿಂತಿರುವುದಿಲ್ಲ. ಆ ಗಳಿಗೆಯಲ್ಲಿ ‘ಈಗ ಬೇಡ’ ಎನ್ನುವ ಅಂಬಿಗನ ಮಾತಿಗೆ ಬೆಲೆ ಕೊಡಬೇಕಾದವರು ನಾವೇ. ಕೊಟ್ಟ ಹಣ ವ್ಯರ್ಥವಾದರೂ ಚಿಂತೆಯಿಲ್ಲ, ಹಿನ್ನೀರು ನಾಳೆಯೂ ಅಲ್ಲೇ ಇರುತ್ತದೆ.