ಜಾಲಿ ಬೊಡ್ಡೆಗೆ ಸರಪಳಿ ಎಲ್ಲಿಂದ ಕಟ್ಟಬೇಕು?

ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ ಮುಗಿದ ಮೇಲೆ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲಗಳಲ್ಲಿ ಟ್ರ್ಯಾಕ್ಟರ್‌ಗೆ ಹೇಳಿಕೊಳ್ಳುವಂಥ ಕೆಲಸ ಇರುವುದಿಲ್ಲ. ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ, ಕಡಲೆ ಬಲಿಯುತ್ತಿರುತ್ತದೆ. ಮಳೆಗಾಲದಲ್ಲಿ ಗಾಲಿ ನುಂಗುತ್ತಿದ್ದ ನೆಲ ಈಗ ಒಣಗಿ ಗಟ್ಟಿಯಾಗಿದೆ. ಬದುವಿಗೆ ಹಬ್ಬಿದ ಬಳ್ಳಾರಿ ಜಾಲಿ ಕಡಿಯಲು, ಪಾಳು ಬಿದ್ದ ಹೊಲ ಹಸನು ಮಾಡಲು, ಕಟ್ಟಿಗೆ ಸಾಗಿಸಲು ಇದೇ ಹದ. ಗಂಗಾವತಿ ಕಡೆ ಮಾತ್ರ ಬೇರೆ ಲೆಕ್ಕ. ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಂದರೆ ಅಲ್ಲಿನ ಟ್ರ್ಯಾಕ್ಟರ್‌ಗಳು ಕೇಜ್ ವೀಲ್ ಕಟ್ಟಿಕೊಂಡು ಮತ್ತೆ ಕೆಸರಿಗೆ ಇಳಿಯುತ್ತವೆ.

ಫಿನ್ಲೆಂಡ್, ಸ್ವೀಡನ್ನಿನ ರೈತರೂ ಮರದ ಕೆಲಸಕ್ಕೆ ಚಳಿಗಾಲವನ್ನೇ ಆರಿಸಿಕೊಳ್ಳುತ್ತಾರೆ. ಹೊಲದ ಕೆಲಸ ನಿಂತಿರುತ್ತದೆ, ಹೆಪ್ಪುಗಟ್ಟಿದ ನೆಲ ಗಾಡಿಯ ಭಾರ ತಾಳುತ್ತದೆ. ಅಲ್ಲಿ ಮಂಜು ಮಾಡುವ ಕೆಲಸವನ್ನು ಇಲ್ಲಿ ಬಿಸಿಲು ಮಾಡುತ್ತದೆ, ಅಷ್ಟೇ. ಆದರೆ ಅಲ್ಲಿ ಕಾಡಿಗೆ ಹೋಗುವ ಟ್ರ್ಯಾಕ್ಟರ್‌ನ ಹೊಟ್ಟೆಯಡಿ ಉಕ್ಕಿನ ತಗಡು ಇರುತ್ತದೆ, ಚಾಲಕನ ಸುತ್ತ ಗಟ್ಟಿ ಚೌಕಟ್ಟು ಇರುತ್ತದೆ, ಹಿಂದೆ ದಿಮ್ಮಿ ಎಳೆಯುವ ವಿಂಚ್ ಇರುತ್ತದೆ. ನಮ್ಮಲ್ಲಿ ನಿನ್ನೆ ಕುಂಟೆ ಹೊಡೆದ ಗಾಡಿ ಇಂದು ಹಾಗೆಯೇ ಜಾಲಿಗೆ ನುಗ್ಗುತ್ತದೆ. ಅದರ ಜೊತೆಗೆ ಒಂದಿಷ್ಟು ನಂಬಿಕೆಗಳೂ ಹೋಗುತ್ತವೆ. ಅವುಗಳಲ್ಲಿ ಕೆಲವು ಡೀಸೆಲ್ ಹಾಳು ಮಾಡುತ್ತವೆ, ಕೆಲವು ಜೀವ ತೆಗೆಯುತ್ತವೆ.

“ಐವತ್ತು ಎಚ್‌ಪಿ ಗಾಡಿ ಐತಿ, ಎಂಥಾ ಬೊಡ್ಡಿ ಇದ್ರೂ ಕಿತ್ತು ಬರ್ತೈತಿ”

ಎಲ್ಲ ತಪ್ಪುಗಳ ಬೇರು ಈ ಮಾತಿನಲ್ಲಿದೆ. ಎಳೆಯುವುದು ಎಂಜಿನ್ ಅಲ್ಲ, ನೆಲ ಹಿಡಿದ ಗಾಲಿ. ಲೆಕ್ಕ ಸುಲಭ: ಎಳೆತವನ್ನು ಕಿಲೋದಲ್ಲಿ, ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿ ಹಿಡಿದು ಗುಣಿಸಿ 270ರಿಂದ ಭಾಗಿಸಿದರೆ ಬೇಕಾದ ಎಚ್‌ಪಿ ಸಿಗುತ್ತದೆ. 45–50 ಎಚ್‌ಪಿ ಟ್ರ್ಯಾಕ್ಟರ್‌ನ ಗಾಲಿಗೆ 35 ಎಚ್‌ಪಿ ತಲುಪಿತು ಎಂದುಕೊಳ್ಳೋಣ. ಸಣ್ಣ ಗೇರಿನಲ್ಲಿ ಗಂಟೆಗೆ 2 ಕಿ.ಮೀ. ವೇಗಕ್ಕೆ ಅದು 4,700 ಕಿಲೋಗೂ ಹೆಚ್ಚಿನ ಎಳೆತ! ಆದರೆ ಅಂಥ ಗಾಡಿಯ ತೂಕವೇ 2,000 ಕಿಲೋ ಆಸುಪಾಸು. ಹಿಂದಿನ ಗಾಲಿಗಳ ಮೇಲೆ ಬೀಳುವುದು ಅದರಲ್ಲಿ ಸುಮಾರು 1,200 ಕಿಲೋ. ಒಣ ಗಟ್ಟಿ ನೆಲದಲ್ಲೂ ಟಯರ್ ಹಿಡಿತ ಆ ಭಾರದ ಮೂರರಲ್ಲಿ ಎರಡು ಪಾಲಿನಷ್ಟು, ಅಂದರೆ 800 ಕಿಲೋ.

ಹೀಗಾಗಿ ಎಂಜಿನ್ನಿನ ಬಲದಲ್ಲಿ ಬಹುಪಾಲು ಬಳಕೆಗೇ ಬರುವುದಿಲ್ಲ. ಆ್ಯಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ಗರಗರ ತಿರುಗಿ ನೆಲ ಕೆರೆಯುತ್ತದೆ. ಗಾಲಿ ತಿರುಗದೆ ನೆಲ ಕಚ್ಚಿತೋ, ಆಗ ಆ ಬಲಕ್ಕೆ ಹೋಗಲು ಇನ್ನೊಂದೇ ದಾರಿ ಉಳಿಯುತ್ತದೆ: ಟ್ರ್ಯಾಕ್ಟರ್‌ನ ಮೂತಿ ಮೇಲಕ್ಕೆ ಏಳುತ್ತದೆ.

ಕೈಯಳತೆಗಿಂತ ದಪ್ಪ ಬುಡದ ಜಾಲಿಯನ್ನು ಟ್ರ್ಯಾಕ್ಟರ್‌ನಿಂದ ಜಗ್ಗಿ ಕೀಳುವ ಹಟ ಬೇಡ. ಸುತ್ತಲೂ ಅಗೆದು ಅಡ್ಡಬೇರು ಕಡಿದುಕೊಂಡರೆ ಸರಿ. ಇಲ್ಲವಾದರೆ ಅದು ಜೆಸಿಬಿ ಕೆಲಸ. ಜೆಸಿಬಿಯ ಗಂಟೆ ಬಾಡಿಗೆ ದುಬಾರಿ ಅನ್ನಿಸಬಹುದು. ಮುರಿದ ಆ್ಯಕ್ಸಲ್ ಅದಕ್ಕಿಂತ ದುಬಾರಿ.

“ಮ್ಯಾಲೆ ಕಟ್ಟಿದ್ರ ಜೋರ್ ಹೆಚ್ಚು ಬೀಳ್ತೈತಿ”

ಜಾಲಿ ಕೀಳುವ ಕಡೆ ಒಂದು ಹೊತ್ತು ನಿಂತು ನೋಡಿ. ಒಬ್ಬರು ಬೊಡ್ಡೆಗೆ ಸರಪಳಿ ಸುತ್ತಿ ಕೊಂಡಿ ಹಾಕುತ್ತಾರೆ. ಇನ್ನೊಂದು ತುದಿ ಟ್ರ್ಯಾಕ್ಟರ್‌ನ ಹಿಂಭಾಗದಲ್ಲಿ ಸೀಟಿನ ಕೆಳಗೇ ಇರುವ ಟಾಪ್ ಲಿಂಕ್‌ನ ತೂತಿಗೆ ಹೋಗುತ್ತದೆ, ಇಲ್ಲವೇ ಆ್ಯಕ್ಸಲ್ ಮೇಲೆ ಒಂದು ಸುತ್ತು ಬೀಳುತ್ತದೆ. ಮೇಲಿನಿಂದ ಎಳೆದರೆ ಬೊಡ್ಡೆ ಎತ್ತಿದಂತಾಗಿ ಬೇರು ಸಡಿಲಾಗುತ್ತದೆ ಎಂಬುದು ಲೆಕ್ಕಾಚಾರ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಬೇಕು: ಹಾಗೆ ಕಟ್ಟುವುದು ಟ್ರ್ಯಾಕ್ಟರನ್ನು ಚಾಲಕನ ಮೇಲೆಯೇ ಮಗುಚಲು ಹಗ್ಗ ಕೊಟ್ಟಂತೆ.

13.6–28 ಟಯರಿನ ಗಾಡಿಯಲ್ಲಿ ಹಿಂದಿನ ಆ್ಯಕ್ಸಲ್ ನೆಲದಿಂದ ಎರಡು ಅಡಿ ಎತ್ತರದಲ್ಲಿರುತ್ತದೆ. ಡ್ರಾಬಾರ್ ಅದಕ್ಕಿಂತ ಕೆಳಗೆ, ಒಂದೂವರೆ ಅಡಿ ಆಸುಪಾಸಿನಲ್ಲಿ. ತಯಾರಕರು ಎಳೆಯಲೆಂದೇ ಕೊಟ್ಟ ಜಾಗ ಅದೊಂದೇ. ಡ್ರಾಬಾರ್‌ಗೆ ಕಟ್ಟಿದಾಗ ಮೂತಿ ಎದ್ದರೆ ಡ್ರಾಬಾರ್ ನೆಲದ ಕಡೆ ಇಳಿಯುತ್ತದೆ. ಎಳೆತದ ಗೆರೆ ತಗ್ಗಿದಷ್ಟೂ ಮಗುಚುವ ಬಲ ಕಡಿಮೆಯಾಗುತ್ತದೆ. ಆ್ಯಕ್ಸಲ್ಲಿಗಿಂತ ಮೇಲೆ ಕಟ್ಟಿದರೆ ಸರಪಳಿಯೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ.

ಚಾಲಕ ಕ್ಲಚ್ ತುಳಿದು ಉಳಿದುಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಮೂತಿ ಏಳಲು ಶುರುವಾಗಿ ಇನ್ನು ಹಿಂದಿರುಗದು ಎನ್ನುವ ಹಂತ ಮುಟ್ಟಲು ಬೇಕಾಗುವುದು ಸುಮಾರು ಮುಕ್ಕಾಲು ಸೆಕೆಂಡು. ಒಂದೂವರೆ ಸೆಕೆಂಡಿನಲ್ಲಿ ಗಾಡಿ ತಲೆಕೆಳಗು. ಮುಂದಿನ ಗಾಲಿ ಎದ್ದದ್ದು ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕಾಲು ಕ್ಲಚ್ಚಿಗೆ ಹೋಗುವಷ್ಟರಲ್ಲಿ ಆ ಮುಕ್ಕಾಲು ಸೆಕೆಂಡು ಕಳೆದಿರುತ್ತದೆ. ಎಷ್ಟೇ ವರ್ಷ ಗಾಡಿ ಹೊಡೆದವರಿಗೂ ಇದೇ ಮಾತು.

ಸರಪಳಿ ಉದ್ದ ಇರಲಿ. ಗಿಡ್ಡ ಸರಪಳಿ ಗಾಡಿಯ ಹಿಂಭಾಗವನ್ನು ಕೆಳಕ್ಕೆ ಜಗ್ಗಿ ಮೂತಿಯನ್ನು ಹಗುರ ಮಾಡುತ್ತದೆ. ಝಾಡಿಸಿ ಎಳೆಯಬಾರದು, ಸಣ್ಣ ಗೇರಿನಲ್ಲಿ ಸರಪಳಿ ಬಿಗಿಯಾಗುವ ತನಕ ಬಂದು, ಆಮೇಲೆ ನಿಧಾನವಾಗಿ ಭಾರ ಹಾಕಬೇಕು. ಬಿಗಿಯಾದ ಸರಪಳಿ, ಉಕ್ಕಿನ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಹರಿದ ಹಗ್ಗ ಚಾಟಿಯಂತೆ ಬೀಸುತ್ತದೆ, ಅದರ ಉದ್ದಕ್ಕಿಂತ ದೂರ ನಿಂತರಷ್ಟೇ ಕ್ಷೇಮ.

“ಕೆಸರಿನ್ಯಾಗ ಹೂತ್ರ ಗಾಲಿಗೆ ಅಡ್ಡ ಮರ ಕಟ್ಟು”

ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆಯಲ್ಲಿ ಕಾಣುವ ಉಪಾಯ ಇದು. ಗಾಡಿ ಹೂತರೆ ಎರಡೂ ಹಿಂದಿನ ಗಾಲಿಗಳಿಗೆ ಅಡ್ಡಲಾಗಿ ದಿಮ್ಮಿ ಕಟ್ಟಿ, ಅದರ ಮೇಲೆ ಹತ್ತಿಸಿ ಹೊರಗೆ ತರುವುದು. ಕೆಲವೊಮ್ಮೆ ಬರುತ್ತದೆ, ಅದಕ್ಕೇ ನಂಬಿಕೆ ಉಳಿದಿದೆ. ದಿಮ್ಮಿ ಕೆಸರಿನೊಳಗೆ ಸಿಕ್ಕಿಕೊಂಡರೆ ಮಾತ್ರ ಗಾಲಿ ತಿರುಗಲಾರದು. ಆಗ ಗಾಲಿಯ ಬದಲು ಗಾಡಿಯ ದೇಹವೇ ಆ್ಯಕ್ಸಲ್ ಸುತ್ತ ತಿರುಗುತ್ತದೆ. ಬೊಡ್ಡೆ ಎಳೆಯುವಾಗ ಆಗುವುದೇ ಇಲ್ಲೂ ಆಗುತ್ತದೆ, ಸರಪಳಿ ಇಲ್ಲದೆಯೇ. ಗಾಲಿಯ ಹಿಂದಿನ ಕೆಸರು ತೋಡಿ ರಿವರ್ಸಿನಲ್ಲಿ ಬರುವುದು, ಆಗದಿದ್ದರೆ ಇನ್ನೊಂದು ಗಾಡಿಯಿಂದ ಎಳೆಸುವುದು, ಇವೆರಡೇ ಸರಿಯಾದ ದಾರಿ.

“ಟಾಪ್ ಐತಲ್ಲ, ಪಲ್ಟಿ ಆದ್ರೂ ಏನಾಗಂಗಿಲ್ಲ”

ಮಡ್‌ಗಾರ್ಡ್‌ಗೆ ಬೋಲ್ಟ್ ಹಾಕಿ ನಿಲ್ಲಿಸಿದ ತಗಡಿನ ಟಾಪ್ ಬಿಸಿಲಿಗೆ ಒಳ್ಳೆಯದು. ಎರಡು ಸಾವಿರ ಕಿಲೋದ ಗಾಡಿ ಮೇಲೆ ಬಿದ್ದರೆ ಅದು ಮಡಚಿ ಹೋಗುತ್ತದೆ. ಕಾಪಾಡುವುದು ಬೇರೆಯದೇ: ಆ್ಯಕ್ಸಲ್ಲಿನ ಮೇಲೆ ಕೂರಿಸಿದ, ಪರೀಕ್ಷೆಯಲ್ಲಿ ಪಾಸಾದ ಉಕ್ಕಿನ ಚೌಕಟ್ಟು, ಜೊತೆಗೆ ಸೀಟ್ ಬೆಲ್ಟ್. ಹೊಸ ಟ್ರ್ಯಾಕ್ಟರ್‌ಗಳಿಗೆ ಈ ಚೌಕಟ್ಟು ಇರಲೇಬೇಕೆಂದು ಸ್ವೀಡನ್ 1959ರಲ್ಲೇ ಕಾನೂನು ಮಾಡಿತು. 1957ರಲ್ಲಿ ಅಲ್ಲಿ ಪ್ರತಿ ಲಕ್ಷ ಟ್ರ್ಯಾಕ್ಟರ್‌ಗೆ 17 ಮಂದಿ ಪಲ್ಟಿಯಿಂದ ಸಾಯುತ್ತಿದ್ದರು. 1990ರ ಹೊತ್ತಿಗೆ ಆ ಸಂಖ್ಯೆ 0.3ಕ್ಕೆ ಇಳಿದಿತ್ತು. ಚೌಕಟ್ಟು ಇಲ್ಲದ ಗಾಡಿಯಲ್ಲಿ ಬೆಲ್ಟ್ ಕಟ್ಟಿಕೊಳ್ಳಬಾರದು ಎಂಬುದನ್ನೂ ತಿಳಿದಿರಬೇಕು. ಅಲ್ಲಿ ಬೆಲ್ಟ್ ಚಾಲಕನನ್ನು ಗಾಡಿಯ ಅಡಿಯಲ್ಲೇ ಹಿಡಿದಿಡುತ್ತದೆ.

ಇಲ್ಲಿಯ ಟ್ರ್ಯಾಕ್ಟರ್ ಅಂದರೆ ಒಂದು ಮನೆಯ ದುಡಿಮೆ, ಸಾಲ, ಮಗಳ ಮದುವೆಯ ಆಸೆ ಎಲ್ಲ ಕೂಡಿ ಬಂದ ಗಾಡಿ. ಅದರ ಮ್ಯೂಸಿಕ್ ಸಿಸ್ಟಮ್ಮಿಗೆ, ಬಣ್ಣದ ಗೊಂಡೆಗಳಿಗೆ ಆಗುವ ಖರ್ಚಿನಲ್ಲಿ ಒಂದಿಷ್ಟನ್ನು ಚೌಕಟ್ಟಿಗೆ ಎತ್ತಿಡಬೇಕು.

“ಇಲ್ಲೇನ್ ಬರ್ಫ ಬೀಳತೈತೇನು, ಕೂಲಂಟ್ ಯಾಕ?”

ಕೂಲೆಂಟ್ ಚಳಿ ದೇಶದ ಸಾಮಾನು ಎಂಬ ಮಾತು ಅರ್ಧ ಮಾತ್ರ ನಿಜ. ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಗುಣ. ತುಕ್ಕು ತಡೆಯುವುದು, ಕುದಿಯುವ ಮಟ್ಟ ಏರಿಸುವುದು ಉಳಿದ ಗುಣಗಳು, ಕೊಪ್ಪಳದ ರೈತನಿಗೆ ಬೇಕಾದುವು ಅವೇ. ಕುಷ್ಟಗಿ, ಯಲಬುರ್ಗಾದ ಬೋರ್‌ವೆಲ್ ನೀರು ಗಡಸು. ಚಹಾದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೇ ರೇಡಿಯೇಟರ್ ಕೊಳವೆಗಳಲ್ಲೂ ಕೂರುತ್ತದೆ. ಜಾಲಿ ಕೆಲಸದಲ್ಲಿ ಗಾಡಿ ನಿಧಾನ ಚಲಿಸುತ್ತದೆ, ಭಾರ ಹೆಚ್ಚಿರುತ್ತದೆ, ಒಣ ಎಲೆ-ಹೊಟ್ಟು ಜಾಲರಿಗೆ ಮೆತ್ತಿಕೊಂಡು ಗಾಳಿ ಕಟ್ಟುತ್ತದೆ. ಚಳಿಗಾಲದಲ್ಲೂ ಎಂಜಿನ್ ಕಾಯುವುದು ಇದಕ್ಕೇ. ಮುಂದೆ ಸಣ್ಣ ಕಣ್ಣಿನ ಜಾಲರಿಯೊಂದನ್ನು ಕಟ್ಟಿ, ಆಗಾಗ ಇಳಿದು ಒರೆಸಬೇಕು.

ಬೆಳಗ್ಗೆ ಅರ್ಧ ಗಂಟೆ ಗಾಡಿ ಚಾಲೂ ಇಟ್ಟು “ಕಾಯಿಸುವ” ಅಭ್ಯಾಸವೂ ಬೇಡ. ಇಲ್ಲಿಯ ಜನವರಿ ಚಳಿ ಡೀಸೆಲ್ ಎಂಜಿನ್ನಿಗೆ ಚಳಿಯೇ ಅಲ್ಲ. ಒಂದೆರಡು ನಿಮಿಷ ಬಿಟ್ಟು, ಹಗುರ ಭಾರದಲ್ಲಿ ಓಡಿಸಿದರೆ ಸಾಕು.

“ಟಯರಿಗೆ ಗಾಳಿ ಜಾಸ್ತಿ ಹೊಡಸಿದ್ರ ಮುಳ್ಳು ಹತ್ತಂಗಿಲ್ಲ”

ಹತ್ತುತ್ತದೆ. ಜಾಲಿಯ ಒಣಮುಳ್ಳಿಗೆ ಗಾಳಿಯ ಲೆಕ್ಕವಿಲ್ಲ. ಗಾಳಿ ಹೆಚ್ಚಾದರೆ ಟಯರ್ ಉಬ್ಬಿ ನೆಲ ಮುಟ್ಟುವ ಜಾಗ ಕಿರಿದಾಗುತ್ತದೆ, ಇದ್ದ ಹಿಡಿತವೂ ಹೋಗುತ್ತದೆ. ಕಡಿದ ಕಂಟಿಯನ್ನು ಮೊದಲು ಒಂದು ಕಡೆ ಗುಡ್ಡೆ ಹಾಕಿ, ಚೂಪಾದ ಕೂಳೆಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಆಮೇಲೆ ಗಾಡಿ ಒಳಗೆ ತರುವುದೇ ಮದ್ದು. ಟಯರಿನ ವಾಲ್ವು, ಡೀಸೆಲ್ ಪೈಪು, ಎಂಜಿನ್ ಎಣ್ಣೆಯ ಸಂಪು, ಇವು ಕೂಳೆ ತಗುಲಿ ಹರಿಯುವ ಜಾಗಗಳು. ಊರ ವೆಲ್ಡಿಂಗ್ ಅಂಗಡಿಯಲ್ಲಿ ಸಂಪಿನ ಅಡಿಗೆ ಒಂದು ದಪ್ಪ ತಗಡು ಕೂರಿಸಿಕೊಳ್ಳಬಹುದು, ಬಿಚ್ಚಿ ಹಾಕುವಂತಿರಲಿ.

ಹಿಡಿತ ಬೇಕಾದರೆ ದಾರಿ ಬೇರೆ: ಹಿಂದಿನ ಟಯರಿಗೆ ನೀರು. 13.6–28 ಟಯರಿಗೆ ಮುಕ್ಕಾಲು ಭಾಗ ತುಂಬಿದರೆ ಸುಮಾರು 200 ಲೀಟರ್, ಎರಡಕ್ಕೆ 400 ಕಿಲೋ ಭಾರ. ಚಳಿ ದೇಶದಲ್ಲಿ ಈ ನೀರು ಮಂಜುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಬರೀ ನೀರು ಸಾಕು. ಹಿಂದೆ ಭಾರ ಹಾಕಿದವರು ಮುಂದೆಯೂ ವೇಟ್ ಹಾಕಿಸಬೇಕು. ಹಿಡಿತ ಹೆಚ್ಚಿದಷ್ಟೂ ಮೂತಿ ಏಳುವ ಸಂಭವವೂ ಹೆಚ್ಚು.

“ಕಡದು ಒಗದ್ರ ಮುಗೀತು”

ಬಳ್ಳಾರಿ ಜಾಲಿ ನಮ್ಮದಲ್ಲ, ಅಮೆರಿಕ ಖಂಡದ್ದು. 1877ರ ಹೊತ್ತಿಗೆ ಕಡಪ ಸೀಮೆಗೆ ಅದರ ಬೀಜ ಬಂತು. ನೆಲಮಟ್ಟದಲ್ಲಿ ಕಡಿದರೆ ಒಂದು ಕಾಂಡದ ಜಾಗದಲ್ಲಿ ಐದಾರು ಚಿಗುರುತ್ತವೆ. ಮತ್ತೆ ಚಿಗುರದಿರಬೇಕಾದರೆ ಬುಡದ ಗಂಟನ್ನು ನೆಲದಿಂದ ಅರ್ಧ ಅಡಿಗೂ ಕೆಳಗೆ ಕತ್ತರಿಸಬೇಕು. ಕುರಿ-ಮೇಕೆ ತಿಂದ ಕಾಯಿಯ ಬೀಜ ಹಿಕ್ಕೆಯಲ್ಲಿ ಹೊರಬಿದ್ದು ಮೊಳೆಯುತ್ತದೆ, ಹೀಗಾಗಿ ಕುರಿ ಹಿಂಡು ನಿಂತ ಹೊಲದಲ್ಲಿ ಮುಂದಿನ ಮಳೆಗೇ ಸಸಿ ಏಳುತ್ತವೆ. ಅವನ್ನು ಕೈಯಲ್ಲೇ ಕೀಳಬಹುದು, ಟ್ರ್ಯಾಕ್ಟರ್ ಬೇಡ.

ಮರ ಯಾವುದಿದ್ದರೂ ಕಡಿಯಬಹುದು ಎಂಬುದೂ ತಪ್ಪು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಹೊಲದ ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್‌ಗಳಿಗೆ ವಿನಾಯ್ತಿ ಇದೆ. ಅದೇ ಬದುವಿನ ಬೇವು, ಹುಣಸೆಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಗೋಮಾಳ, ಕೆರೆಯಂಗಳ ಸ್ವಂತ ಹೊಲವಲ್ಲ.

“ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡಿದ್ರ ಡೀಸೆಲ್ ಉಳೀತೈತಿ”

ಟ್ರೇಲರ್‌ನಲ್ಲಿ ಕಟ್ಟಿಗೆ ತುಂಬಿದ ಮೇಲೆ ಗಾಡಿಯ ಹಿಂದೆ ಗಾಡಿಗಿಂತ ಹೆಚ್ಚಿನ ಭಾರ ಕೂತಿರುತ್ತದೆ. ನಮ್ಮ ಹಳ್ಳಿಗಳ ಬಹುತೇಕ ಟ್ರೇಲರ್‌ಗಳಿಗೆ ಬ್ರೇಕಿಲ್ಲ. ಆನೆಗೊಂದಿ ಕಡೆಯ ಗುಡ್ಡದ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ತಡೆಯೂ ಇಲ್ಲವಾಗಿ, ಟ್ರೇಲರ್ ಮುಂದಿನ ಗಾಡಿಯನ್ನು ನೂಕಿ ಅಡ್ಡಕ್ಕೆ ತಿರುಗಿಸುತ್ತದೆ. ಯಾವ ಗೇರಿನಲ್ಲಿ ಏರು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಹೊಲದಲ್ಲಿ ಬೇರೆ ಬೇರೆ ತುಳಿಯುವ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮೊದಲು ಕೊಂಡಿ ಹಾಕಿ ಜೋಡಿಸಬೇಕು.

ಎರಡು ಗಾಲಿ ಟ್ರೇಲರ್‌ನಲ್ಲಿ ಉದ್ದ ದಿಮ್ಮಿಗಳು ಹಿಂದಕ್ಕೆ ಚಾಚಿಕೊಂಡರೆ ತೂಕ ಹಿಂದೆ ಜಗ್ಗಿ, ಗಾಡಿಯ ಹಿಂಬದಿ ಎತ್ತಿದಂತಾಗುತ್ತದೆ, ಟಯರಿನ ಹಿಡಿತ ಅಲ್ಲೇ ಹೋಗುತ್ತದೆ. ದಪ್ಪ ತುದಿ ಮುಂದೆ ಇರಲಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ರೊಟ್ಟಿ, ದವಸ, ಕಟ್ಟಿಗೆ ಹೊತ್ತ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಬರುತ್ತವೆ. ಭಕ್ತಿಯ ಆ ಸಾಲಿನಲ್ಲಿ ಪ್ರತಿ ಟ್ರೇಲರ್‌ನ ಹಿಂಬದಿಗೆ ಕೆಂಪು ಹೊಳೆಯುವ ಪಟ್ಟಿ ಇರಬೇಕು, ಕಟ್ಟಿಗೆ ಹೊರೆಯ ಮೇಲೆ ಜನ ಕೂರಬಾರದು.

ಕಟ್ಟಿಗೆ ಕೊರೆಯಲು ಗಾಡಿಯ ಹಿಂದೆ ತಿರುಗುವ ಪಿಟಿಒ ಶಾಫ್ಟ್ ಬಳಸುವವರಿಗೆ ಇನ್ನೊಂದು ಮಾತು. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ಟವೆಲ್ಲಿನ ತುದಿ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಬಟ್ಟೆಯನ್ನು ಶಾಫ್ಟ್ ಸುತ್ತಿಕೊಳ್ಳುತ್ತದೆ. ಕಿತ್ತು ಬಿಸಾಡಿದ ಶಾಫ್ಟ್ ಗಾರ್ಡನ್ನು ಹುಡುಕಿ ಮತ್ತೆ ಹಾಕಬೇಕು, ಟವೆಲನ್ನು ಮನೆಯಲ್ಲೇ ಬಿಡಬೇಕು.

ಈ ಚಳಿಗಾಲದಲ್ಲಿ ಜಾಲಿ ಕೆಲಸಕ್ಕೆ ಹೊರಟವರು ಮೊದಲ ಎಳೆತಕ್ಕೆ ಮುನ್ನ ಒಮ್ಮೆ ಗಾಡಿ ಇಳಿದು ಹಿಂದೆ ಹೋಗಿ ನೋಡಿ. ಸರಪಳಿ ಡ್ರಾಬಾರ್‌ನಲ್ಲಿ ಇಲ್ಲದಿದ್ದರೆ ಬಿಚ್ಚಿ ಅಲ್ಲಿಗೆ ಕಟ್ಟಿ. ಮಡ್‌ಗಾರ್ಡ್ ಮೇಲೆ ಮನೆಯ ಹುಡುಗ ಕೂತಿದ್ದರೆ ಇಳಿಸಿ, ದೂರ ನಿಲ್ಲಿಸಿ. ಆಮೇಲೆ ಕ್ಲಚ್ ಬಿಡಿ.